ಎಡಕ್ಕೆ ಕೆಂಪು, ಬಲಕ್ಕೆ ಹಸಿರು: ಇರುಳಿನ ವಿಮಾನವನ್ನು ಗುರುತಿಸುವ ಬಗೆ

ರಾತ್ರಿ ವಾಚನಾಲಯದಿಂದ ಮನೆಯ ಕಡೆ ನಡೆಯುವಾಗ ನಮ್ಮಲ್ಲಿ ಅನೇಕರು ತಲೆಯೆತ್ತಿ ಆಕಾಶ ನೋಡುವುದುಂಟು. ಮುಂಬಯಿಯ ಕುರ್ಲಾ, ಘಾಟ್‌ಕೋಪರ್ ಕಡೆಯ ಚಾಳುಗಳಲ್ಲಿ ಇರುವವರಿಗಂತೂ ವಿಮಾನ ನೆರೆಮನೆಯವನಿದ್ದಂತೆ. ಗಚ್ಚಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದರೂ ಒಂದೆರಡು ಹಾದುಹೋಗುತ್ತವೆ. ಹಗಲಿನಲ್ಲಿ ಅದರ ಆಕಾರ ಕಾಣುತ್ತದೆ. ರಾತ್ರಿ ಕಾಣುವುದು ನಾಲ್ಕಾರು ದೀಪಗಳು ಮಾತ್ರ. ಆದರೆ ಆ ದೀಪಗಳಲ್ಲಿ ಒಂದೊಂದಕ್ಕೂ ಅರ್ಥವುಂಟು. ಕಾಗುಣಿತ ಬಲ್ಲವನಿಗೆ ಓದು ಬರುವಂತೆ, ಕೆಲವು ನಿಯಮ ಬಲ್ಲವನಿಗೆ ವಿಮಾನ ಎತ್ತ ಸಾಗುತ್ತಿದೆ ಎಂಬುದು ತಿಳಿಯುತ್ತದೆ. ಈ ಸಲ ಅದನ್ನೇ ಪಾಠವಾಗಿ ತೆಗೆದುಕೊಳ್ಳೋಣ.

ಉರಿಯುತ್ತಲೇ ಇರುವ ಮೂರು ದೀಪಗಳು

ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲರೆಕ್ಕೆಯ ತುದಿಯಲ್ಲಿ ಹಸಿರು ದೀಪ, ಹಿಂದಕ್ಕೆ ಮುಖಮಾಡಿದ ಬಿಳಿಯ ದೀಪ: ಇವು ಮಿನುಗದೆ ಒಂದೇ ಸಮನೆ ಉರಿಯುತ್ತವೆ. ಎಡಬಲ ಎಂದರೆ ಪೈಲಟನ ಎಡಬಲ, ನಮ್ಮದಲ್ಲ. ಬಂದರಿನಲ್ಲಿ ದುಡಿಯುವ ವಾಚಕರಿಗೆ ಇದು ಹೊಸದೆನಿಸದು. ಹಡಗುಗಳು ೧೯ನೆಯ ಶತಮಾನದಿಂದ ಪಾಲಿಸಿಕೊಂಡು ಬಂದ ಪದ್ಧತಿಯನ್ನೇ ವಿಮಾನಗಳೂ ತೆಗೆದುಕೊಂಡವು.

ಕೆಂಪು ಮತ್ತು ಹಸಿರು ದೀಪಗಳು ನೇರ ಮುಂದಿನಿಂದ ತಮ್ಮ ತಮ್ಮ ಪಕ್ಕಕ್ಕೆ ೧೧೦ ಡಿಗ್ರಿಯವರೆಗೆ ಮಾತ್ರ ಕಾಣುವಂತೆ ಮರೆಮಾಡಿರುತ್ತಾರೆ. ಉಳಿದ ೧೪೦ ಡಿಗ್ರಿ ಹಿಂದಿನ ಬಿಳಿಯ ದೀಪಕ್ಕೆ ಸೇರಿದ್ದು. ಮೂರೂ ಕೂಡಿದರೆ ೩೬೦, ಅಂದರೆ ಒಂದು ಪೂರ್ಣ ಸುತ್ತು. ಆದಕಾರಣ ಯಾವ ದೀಪ ಕಾಣುತ್ತಿದೆ ಎಂಬುದರಿಂದಲೇ ವಿಮಾನದ ಯಾವ ಪಕ್ಕ ನಮ್ಮತ್ತ ಇದೆ ಎಂದು ಹೇಳಬಹುದು.

ದೂರದಲ್ಲಿ ಕೆಂಪು ಮಾತ್ರ ಕಂಡರೆ ವಿಮಾನ ನಮ್ಮ ಬಲದಿಂದ ಎಡಕ್ಕೆ ಹೋಗುತ್ತಿದೆ. ಹಸಿರು ಮಾತ್ರ ಕಂಡರೆ ಎಡದಿಂದ ಬಲಕ್ಕೆ. ಎರಡೂ ಕಂಡು, ಹಸಿರು ನಮ್ಮ ಎಡಕ್ಕೂ ಕೆಂಪು ನಮ್ಮ ಬಲಕ್ಕೂ ಇದ್ದರೆ ಅದು ನಮ್ಮ ಕಡೆಗೇ ಬರುತ್ತಿದೆ. ಬಿಳಿಯದೊಂದೇ ಕಂಡರೆ ನಮಗೆ ಬೆನ್ನು ಹಾಕಿ ಹೋಗುತ್ತಿದೆ.

ಮಿನುಗುವ ದೀಪಗಳು

ವಿಮಾನದ ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಕೆಂಪು ದೀಪ ಮಿನುಗುತ್ತಿರುತ್ತದೆ. ಇದನ್ನು ಎಂಜಿನ್ ಚಾಲೂ ಮಾಡುವ ಮೊದಲೇ ಹಚ್ಚುತ್ತಾರೆ. ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವ ನಮ್ಮ ಬಂಧುಗಳಿಗೆ ಇದು ಪ್ರಾಣದ ಮಾತು: ಈ ಕೆಂಪು ದೀಪ ಮಿನುಗುತ್ತಿದ್ದರೆ ಎಂಜಿನ್ ತಿರುಗುತ್ತಿದೆ, ಇಲ್ಲವೇ ತಿರುಗಲಿದೆ ಎಂದು ತಿಳಿಯಬೇಕು. ರೆಕ್ಕೆಯ ತುದಿಗಳಲ್ಲಿ ಮಿಂಚಿನಂತೆ ಹೊಳೆಯುವ ಬಿಳಿಯ ದೀಪಗಳು ಬೇರೆ. ಇವುಗಳನ್ನು ರನ್‌ವೇಗೆ ಬಂದ ಮೇಲೆ ಹಚ್ಚುವುದು ವಾಡಿಕೆ. ಬಹುದೂರದಿಂದ ಮೊದಲು ನಮ್ಮ ಕಣ್ಣಿಗೆ ಬೀಳುವುದು ಇವೇ.

ಇನ್ನು, ಇಳಿಯುವಾಗಲೂ ಏರುವಾಗಲೂ ಮುಂದಕ್ಕೆ ಬೆಳಕು ಚೆಲ್ಲುವ ಪ್ರಖರವಾದ ದೀಪಗಳುಂಟು. ಪ್ರಯಾಣಿಕರ ವಿಮಾನಗಳು ೧೦,೦೦೦ ಅಡಿಗಿಂತ ಕೆಳಗೆ ಇವನ್ನು ಸಾಮಾನ್ಯವಾಗಿ ಉರಿಸಿಯೇ ಇರುತ್ತವೆ. ನೇರ ನಮ್ಮತ್ತ ಬರುವ ವಿಮಾನದ ಈ ಬೆಳಕು ಕದಲದ ದೊಡ್ಡ ನಕ್ಷತ್ರದಂತೆ ತೋರುತ್ತದೆ. ಶುಕ್ರಗ್ರಹವೆಂದು ಮೋಸಹೋಗುವವರೂ ಉಂಟು. ಎರಡು ನಿಮಿಷ ಕಾದು ನೋಡಿದರೆ ವಿಮಾನ ದೊಡ್ಡದಾಗುತ್ತದೆ, ಪಕ್ಕದಲ್ಲಿ ಕೆಂಪು ಹಸಿರು ಮೂಡುತ್ತವೆ. ಶುಕ್ರ ಇದ್ದಲ್ಲೇ ಇರುತ್ತಾನೆ.

ಮಿನುಗದೆ, ಸದ್ದಿಲ್ಲದೆ, ಒಂದೇ ಬಿಳಿಯ ಚುಕ್ಕೆ ಐದಾರು ನಿಮಿಷಗಳಲ್ಲಿ ಆಕಾಶವನ್ನು ದಾಟಿದರೆ ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಾಗಿರಬಹುದು. ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿರುವ ಅದಕ್ಕೆ ಸೂರ್ಯನ ಬೆಳಕೇ ದೀಪ. ೨೦೨೫ರಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅಲ್ಲಿ ಇದ್ದು ಬಂದರು.

ಒಂದು ಎಚ್ಚರಿಕೆ: ಸದ್ದು ಬಂದ ಕಡೆ ವಿಮಾನವನ್ನು ಹುಡುಕಬಾರದು. ಹತ್ತು ಕಿಲೋಮೀಟರ್ ಮೇಲಿನ ಸದ್ದು ನಮ್ಮನ್ನು ಮುಟ್ಟಲು ಸುಮಾರು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ವಿಮಾನ ಏಳು ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ದೀಪ ಸಾಲದಾದಾಗ

ಈ ದೀಪಗಳೆಲ್ಲ ಇರುವುದು ಒಬ್ಬ ಪೈಲಟನು ಇನ್ನೊಬ್ಬನನ್ನು ಕಾಣಲೆಂದು. ಕಿಟಕಿಯಲ್ಲಿ ಪಕ್ಕಕ್ಕೆ ಸರಿಯುವ ದೀಪ ಅಪಾಯದ್ದಲ್ಲ. ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುವ ದೀಪವೇ ಅಪಾಯದ್ದು ಎಂದು ಅವರಿಗೆ ಕಲಿಸುತ್ತಾರೆ. ಆದರೆ ಲೆಕ್ಕ ಹಾಕಿ ನೋಡೋಣ. ಗಂಟೆಗೆ ೮೦೦ ಕಿಲೋಮೀಟರ್ ವೇಗದ ಎರಡು ವಿಮಾನಗಳು ಎದುರುಬದುರಾದರೆ, ನಡುವಿನ ಹತ್ತು ಕಿಲೋಮೀಟರ್ ೨೨ ಸೆಕೆಂಡುಗಳಲ್ಲಿ ಮುಗಿಯುತ್ತದೆ.

೧೯೯೬ರ ನವೆಂಬರ್ ೧೨ರ ಸಂಜೆ ಹರಿಯಾಣದ ಚರಖೀ ದಾದರಿಯ ಮೇಲೆ ಹಾಗೆಯೇ ಆಯಿತು. ದಿಲ್ಲಿಯಿಂದ ಹೊರಟ ಸೌದಿ ವಿಮಾನಕ್ಕೂ ದಿಲ್ಲಿಗೆ ಬರುತ್ತಿದ್ದ ಕಝಾಕ್ ವಿಮಾನಕ್ಕೂ ಡಿಕ್ಕಿಯಾಗಿ ಎರಡರಲ್ಲಿಯೂ ಇದ್ದ ೩೪೯ ಜನರೂ ತೀರಿಕೊಂಡರು. ಕಝಾಕ್ ವಿಮಾನ ತನಗೆ ಹೇಳಿದ್ದ ೧೫,೦೦೦ ಅಡಿಗಿಂತ ಕೆಳಗೆ ಇಳಿದಿತ್ತು. ಸೌದಿ ವಿಮಾನದಲ್ಲಿ ಹೊಟ್ಟೆಪಾಡಿಗಾಗಿ ಊರುಬಿಟ್ಟು ಕೊಲ್ಲಿ ಸೀಮೆಗೆ ಹೊರಟವರು ಬಹಳ ಮಂದಿ ಇದ್ದರು, ನಮ್ಮ ನಿಮ್ಮಂಥವರೇ. ಆ ಬಳಿಕ, ಎದುರಿನ ವಿಮಾನವನ್ನು ರೇಡಿಯೋ ಮೂಲಕ ತಾನೇ ಪತ್ತೆಹಚ್ಚಿ ‘ಏರು’, ‘ಇಳಿ’ ಎಂದು ಪೈಲಟನಿಗೆ ಹೇಳುವ ಯಂತ್ರವನ್ನು ನಮ್ಮ ದೇಶದಲ್ಲಿ ದೊಡ್ಡ ವಿಮಾನಗಳಿಗೆ ಕಡ್ಡಾಯ ಮಾಡಿದರು. ಆದರೂ ದೀಪಗಳನ್ನು ತೆಗೆದುಹಾಕಲಿಲ್ಲ. ಯಂತ್ರವಿದ್ದರೂ ಕಣ್ಣು ಬೇಕು ಎಂಬುದೇ ಇದರ ನೀತಿ.

ಅಭ್ಯಾಸ

ಈ ವಾರ ಗಚ್ಚಿಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಮೂರು ವಿಮಾನಗಳನ್ನು ಓದಿ ನೋಡಿರಿ. ಮೊದಲು ಬಣ್ಣ, ಆಮೇಲೆ ಮಿನುಗು, ಕೊನೆಗೆ ಸದ್ದು. ತಲೆಯ ಮೇಲೆ ಬಂದಾಗ ಅದು ಹೋಗುವ ದಿಕ್ಕಿಗೇ ಮುಖಮಾಡಿ ನಿಂತರೆ ಕೆಂಪು ನಿಮ್ಮ ಎಡಗೈ ಕಡೆಗೆ, ಹಸಿರು ಬಲಗೈ ಕಡೆಗೆ ಇರಬೇಕು. ಹಾಗಿದ್ದರೆ ಪಾಠ ಬಂತೆಂದು ತಿಳಿಯಿರಿ. ಆ ದೀಪಗಳ ನಡುವಿನ ಕತ್ತಲೆಯಲ್ಲಿ ಊರಿಗೆ ಹೋಗುವವರೂ ಊರು ಬಿಟ್ಟು ಬರುವವರೂ ಕುಳಿತಿರುತ್ತಾರೆ. ಅವರು ಸುಖವಾಗಿ ಇಳಿಯಲಿ ಎಂದು ನಾವೆಲ್ಲ ಹಾರೈಸೋಣ.