ಗೆರೆ ಮೂಡದ ಪಟ್ಟಿ

ಟೊಮೆಟೊ ನಂಜು ಪತ್ತೆಗೆ ಕೈಹಾಕುವ ಕಿರಿಯರೇ, ಮೊದಲು ಕಿಟ್‌ ಡಬ್ಬದ ಮೇಲಿನ ಹೆಸರು ಓದಿ. ನಮ್ಮಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದ ಸಾಹೇಬರು ಓದಿರಲಿಲ್ಲ. ನಾನು ಬರೆದುಕೊಟ್ಟಿದ್ದು ಶೇಂಗಾದ ಕುಡಿ ಒಣಗಿಸುವ, ಟೊಮೆಟೊಗೂ ತಗಲುವ ಜಿಬಿಎನ್‌ವಿ ವೈರಸ್ಸಿನ ಕಿಟ್‌ಗೆ. ಬಂದದ್ದು ಹೊರದೇಶಗಳಲ್ಲಿ ಹೆಚ್ಚಾಗಿ ಕಾಡುವ ಸ್ಪಾಟೆಡ್ ವಿಲ್ಟ್ ವೈರಸ್ಸಿನದು. ‘ಎರಡೂ ಒಂದೇ ಅಲ್ವೇನಮ್ಮಾ, ಅಡ್ಜಸ್ಟ್ ಮಾಡ್ಕೋ’ ಅಂದರು. ಕುಲ ಒಂದೇ, ಪ್ರಭೇದ ಬೇರೆ. ಹಿಂದೆ ನಮ್ಮ ದೇಶದಲ್ಲೂ ಎರಡನ್ನೂ ಒಂದೆಂದೇ ಎಣಿಸಿದ್ದರು. ಅಲ್ಲವೆಂದು 1992ರಲ್ಲಿ ತೋರಿಸಿಕೊಟ್ಟವರು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ವಿಜ್ಞಾನಿಗಳು. ಒಂದರ ಪ್ರತಿಕಾಯ ಇನ್ನೊಂದನ್ನು ಹಿಡಿಯುವುದಿಲ್ಲ.

ಹಿಡಿಯಲೂ ಇಲ್ಲ: ಶ್ರೀನಿವಾಸಪುರ ತಾಲ್ಲೂಕಿನ ಟೊಮೆಟೊ ತೋಟವೊಂದರ ಎಲೆಗೆ ಆ ಕಿಟ್‌ನ ಪಟ್ಟಿಯಲ್ಲಿ ಗೆರೆ ಮೂಡಲಿಲ್ಲ. ನನ್ನ ತಕರಾರನ್ನು ಬದಿಗಿಟ್ಟು ಸಾಹೇಬರು ‘ವೈರಸ್ ಇಲ್ಲ’ ಎಂಬ ವರದಿ ಕಳಿಸಿದರು.

ಮತ್ತೆ ಆ ತೋಟಕ್ಕೆ ಹೋದಾಗ ಕಡ್ಡಿಗೆ ಕಟ್ಟಿದ ಗಿಡಗಳ ಕುಡಿಯೆಲ್ಲ ಕರಕಲು. ಎಳೆ ಎಲೆಗೆ ತಾಮ್ರದ ಬಣ್ಣ, ಕಾಂಡದ ಉದ್ದಕ್ಕೂ ಕಂದು ಗೀರು. ಯಜಮಾನರು ವರದಿಯನ್ನು ಮಡಿಚಿ ಅಂಗಿ ಜೇಬಲ್ಲೇ ಇಟ್ಟುಕೊಂಡಿದ್ದರು. ‘ನಿಮ್ಮ ಕಾಗದ ನಂಬ್ಕೊಂಡು ಅಂಗಮಾರಿ ಔಷಧಿ ಹೊಡೆದೆ ಕಣಮ್ಮಾ. ವೈರಸ್ ಇಲ್ಲ ಅಂದ್ಮೇಲೆ ಇದೇನು ಹೇಳು’ ಎಂದು ಒಂದು ಕಾಯಿ ಕಿತ್ತು ನನ್ನ ಅಂಗೈಗೆ ಹಾಕಿದರು. ಮೈಮೇಲೆಲ್ಲ ಹಳದಿ ಉಂಗುರ. ಮಂಡಿಯಲ್ಲಿ ಇಂಥದ್ದನ್ನು ಕೇಳುವವರಿಲ್ಲ. ಅವರ ಮನೆಯಾಕೆ ನೀರು ತಂದುಕೊಟ್ಟರು, ಗಂಟಲಲ್ಲಿ ಇಳಿಯಲಿಲ್ಲ. ಸಾಹೇಬರು ಜೀಪಿನಿಂದ ಕೆಳಗಿಳಿದಿದ್ದರೆ ಕೇಳಿ!

ಕುಡಿ ಎಲೆಗಳನ್ನು ಐಸ್ ಡಬ್ಬದಲ್ಲಿ ತಂದೆ. ಈ ನಂಜು ಸೆಕೆ ತಡೆಯದು. ತಣ್ಣನೆಯ ಬಫರ್‌ನಲ್ಲಿ ಅರೆದು ಕೂಡಲೇ ಅಲಸಂದೆ ಎಲೆಗೆ ಸವರಬೇಕು. ಸಿ-152 ತಳಿಯಾದರೆ ಒಳ್ಳೆಯದು. ನಂಜಿದ್ದರೆ ಅದರಲ್ಲಿ ಗುರುತು ಕಾಣುತ್ತದೆ. ಹಾಗೇ ಮಾಡಿದೆ. ಕೆಲವೇ ದಿನಗಳಲ್ಲಿ ಸವರಿದ ಎಲೆಯ ಮೇಲೆ ಮಾಸಲು ಚುಕ್ಕೆಗಳೆದ್ದು ನಡುವೆ ಕಂದಾದವು. ಆಮೇಲೆ ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ತೆಗೆದು ಪಿಸಿಆರ್ ಮಾಡಿದೆ, ನಂಜಿನ ಹೊದಿಕೆ ಪ್ರೋಟೀನಿನ ಜೀನ್ ಓದಿಸಿದೆ. ಜಿಬಿಎನ್‌ವಿಯೇ. ನಾನು ಮೊದಲೇ ಹೇಳಿದ್ದೆ.

ರೈತರಿಗೂ ಎರಡು ಮಾತು. ಎಲೆ ಮುದುಡುವ ಬಿಂಗಿ ರೋಗ ಬಿಳಿನೊಣದಿಂದ ಬರುವಂಥದ್ದು, ಇದು ಥ್ರಿಪ್ಸ್ ನುಸಿಯಿಂದ. ಮರಿಯಾಗಿದ್ದಾಗ ನಂಜು ಹೀರಿದ ನುಸಿ ಬೆಳೆದ ಮೇಲೆ ಸಾಯುವತನಕ ಹಂಚುತ್ತದೆ. ಅರ್ಕಾ ರಕ್ಷಕ್ ತಳಿ ಬಿಂಗಿ ತಡೆಯುತ್ತದೆ, ಇದನ್ನಲ್ಲ. ಸಸಿ ಬಲೆಯೊಳಗೆ ಬೆಳೆಸಿ, ಶೇಂಗಾ, ಹೆಸರಿನ ಪಕ್ಕ ನಾಟಿ ಬೇಡ, ರೋಗದ ಗಿಡ ಕಂಡ ಕೂಡಲೇ ಕಿತ್ತುಹಾಕಿ.

ಲ್ಯಾಬಿನವರಲ್ಲಿ ವಿನಂತಿ: ‘ವೈರಸ್ ಇಲ್ಲ’ ಎಂದು ಬರೆಯಬೇಡಿ. ಯಾವ ವೈರಸ್ಸಿಗೆ ಪರೀಕ್ಷೆ ಮಾಡಿದಿರೋ ಅದರ ಹೆಸರು ಬರೆಯಿರಿ.