ಮೊಲಕ್ಕೆ ಹೆದರಿದ ಮಗು



ಭಯ ಯಾರಿಗಿಲ್ಲ ಹೇಳಿ? ಹಾವು ಕಂಡರೆ ದೂರ ಸರಿಯುತ್ತೇವೆ. ಅದು ಒಳ್ಳೆಯದೇ. ಆದರೆ ಕೆಲವು ಭಯ ಬೇರೆ ಥರ. ಬಸ್ಸು ಹತ್ತಲು ಭಯ. ಬ್ಯಾಂಕಿನಲ್ಲಿ ನಾಲ್ಕು ಜನರ ಮುಂದೆ ರುಜು ಹಾಕಲು ಭಯ. ಆಗ "ಇವತ್ತು ಬೇಡ, ನಾಳೆ ನೋಡೋಣ" ಅನ್ನುತ್ತೇವೆ.

ತಪ್ಪಿಸಿಕೊಂಡ ಕೂಡಲೇ ಎದೆ ಹಗುರ ಆಗುತ್ತದೆ. "ಸದ್ಯ, ಪಾರಾದೆ!" ಅನಿಸುತ್ತದೆ. ತೊಂದರೆ ಇರೋದು ಇಲ್ಲೇ. ಹತ್ತಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಮನಸ್ಸಿಗೆ ತಿಳಿಯುವುದೇ ಇಲ್ಲ. ಮುಂದಿನ ಸಲ ಭಯ ಇನ್ನೂ ಬೆಳೆಯುತ್ತದೆ. ಮೊದಲು ಬಸ್ಸು ತಪ್ಪುತ್ತದೆ. ಆಮೇಲೆ ಸಂತೆ ತಪ್ಪುತ್ತದೆ. ಕೊನೆಗೆ ತವರೂ ತಪ್ಪುತ್ತದೆ.

ಇದಕ್ಕೆ ದಾರಿ ಇದೆಯೇ? ಇದೆ.

ಅಮೆರಿಕದಲ್ಲಿ ಮೇರಿ ಕವರ್ ಜೋನ್ಸ್ ಎಂಬ ಹೆಣ್ಣುಮಗಳು ಇದ್ದರು. ಮನಸ್ಸಿನ ವಿಷಯ ಓದಿದವರು. ಅವರ ಬಳಿ ಪೀಟರ್ ಎಂಬ ಮಗು ಬಂತು. ಸುಮಾರು ಮೂರು ವರ್ಷ. ಮೊಲ ಕಂಡರೆ ಅಳು. ಹತ್ತಿ ಕಂಡರೂ ಭಯ!

ಮೇರಿ ಗದರಲಿಲ್ಲ. ಮಗುವಿಗೆ ಇಷ್ಟವಾದ ತಿಂಡಿ ಕೊಟ್ಟರು. ಅದು ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿ ಇಟ್ಟರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ನಡುವೆ ಒಮ್ಮೆ ದೊಡ್ಡ ನಾಯಿಯೊಂದು ಮಗುವಿನ ಮೇಲೆ ಹಾರಿತ್ತು. ಹೋದ ಭಯ ಮತ್ತೆ ಬಂತು. ಮೇರಿ ಕೈಬಿಡಲಿಲ್ಲ. ಕೊನೆಗೆ ಮಗು ಮೊಲದ ಮೈ ಸವರಿತು. 1924ರಲ್ಲಿ ಮೇರಿ ಇದನ್ನು ಬರೆದು ಪ್ರಕಟಿಸಿದರು.

ದೊಡ್ಡವರಿಗೂ ಇಂದು ವೈದ್ಯರು, ಆಪ್ತ ಸಲಹೆಗಾರರು ಇಂಥದೇ ದಾರಿ ತೋರುತ್ತಾರೆ. ಬಸ್ಸಿನ ಭಯ ಇದ್ದರೆ ಹೀಗೆ:

1. ನಿಲ್ದಾಣಕ್ಕೆ ಹೋಗಿ ಸುಮ್ಮನೆ ಕೂತು ಬನ್ನಿ.
2. ಜೊತೆಗೊಬ್ಬರನ್ನು ಕರೆದುಕೊಂಡು ಒಂದು ನಿಲ್ದಾಣದವರೆಗೆ ಹೋಗಿ.
3. ಅಷ್ಟೇ ದೂರ ಒಬ್ಬರೇ ಹೋಗಿ.
4. ಆಮೇಲೆ ಊರು ತಲುಪಿ.

ಎದೆ ಢವಗುಟ್ಟಬಹುದು. ಕೂಡಲೇ ಓಡಬೇಡಿ. ತುಸು ಹೊತ್ತು ತಡೆಯಿರಿ. ಒಂದು ಮೆಟ್ಟಿಲು ರೂಢಿಯಾದ ಮೇಲೆ ಮುಂದಿನದು. ಹಿಂದೆ ಜಾರಿದರೆ ನಾಚಿಕೆ ಬೇಡ. ಮತ್ತೆ ಹತ್ತಿ.

ಇದು ಹುಚ್ಚಲ್ಲ. ಗಾಳಿ ಸೋಕಿದ್ದೂ ಅಲ್ಲ. ಭಯ ಬಹಳ ಇದ್ದರೆ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ. ಇದು 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಸಿಗುತ್ತದೆ. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಒಂದು ಮಾತು ನೆನಪಿರಲಿ. ಮನೆಯಲ್ಲಿ ಹೊಡೆಯುವವರ ಭಯ ಇಂಥದ್ದಲ್ಲ. ಅದು ನಿಜವಾದ ಅಪಾಯ. ಅದನ್ನು ರೂಢಿ ಮಾಡಿಕೊಳ್ಳಬಾರದು. ಮಹಿಳಾ ಸಹಾಯವಾಣಿ 181ಕ್ಕೆ ತಿಳಿಸಿ.

ಮಾತಾಡೋಣ, ಬರೆಯೋಣ

1. ತಪ್ಪಿಸಿಕೊಂಡರೆ ಭಯ ಏಕೆ ಬೆಳೆಯುತ್ತದೆ?
2. ಭಯ ಮರಳಿ ಬಂದಾಗ ಮೇರಿ ಏನು ಮಾಡಿದರು?
3. ನೀವು ಮುಂದೂಡುತ್ತಿರುವ ಕೆಲಸ ಯಾವುದು? ಅದರ ಮೊದಲ ಮೆಟ್ಟಿಲು ಬರೆಯಿರಿ.