ಕೌದಿಗೆ ಬಾಟಿಕ್ ಅಂಚು: ಎರಡು ಅವಧಿಯ ಪಾಠ

ವಿಷಯ: ಕಾರ್ಯಾನುಭವ. ತರಗತಿ: 9. ಅವಧಿ: 40 ನಿಮಿಷದ ಎರಡು.

ಹಳೆಯ ಸೀರೆ, ಧೋತರಗಳ ಪದರ ಜೋಡಿಸಿ ಓಡು ಹೊಲಿಗೆ ಹಾಕಿದ ಕೌದಿಗೆ ಕೊನೆಯ ಕೆಲಸ ಅಂಚುಪಟ್ಟಿ. ಎಲ್ಲೆಡೆ ಹೀಗಲ್ಲ, ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಮಹಿಳೆಯರು ಅಂಚಿನಿಂದಲೇ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಅಂಥ ಕೌದಿ ತಂದ ಮಗುವಿಗೆ ಈ ಪಾಠ ಹೇರಬೇಕಾಗಿಲ್ಲ, ಆ ಕೌದಿಯನ್ನು ತರಗತಿಗೆ ತೋರಿಸಿದರೆ ಸಾಕು.

ಪೀಠಿಕೆಯಲ್ಲಿ ಬಾಟಿಕ್‌ನ ಚೆಲುವನ್ನು ವರ್ಣಿಸುತ್ತ ಕೂರುವುದು ನಮ್ಮಲ್ಲಿ ಸಾಮಾನ್ಯ. ನನ್ನ ಅಭಿಪ್ರಾಯದಲ್ಲಿ ಮೊದಲ ಚಟುವಟಿಕೆ ಬಣ್ಣದ ಪರೀಕ್ಷೆಯೇ ಆಗಬೇಕು. ಅಜ್ಜಿ ತಿಂಗಳುಗಟ್ಟಲೆ ಹೊಲಿದ ಕೌದಿಗೆ ಬಾಟಿಕ್‌ನ ಕೆಂಪು ಇಳಿದರೆ ಮತ್ತೆ ತೆಗೆಯಲಾಗದು. ಪಟ್ಟಿಯ ಒಂದು ತುಂಡನ್ನು ಬಿಳಿ ಬಟ್ಟೆಯೊಡನೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಿಂಡಲಿ. ಬಿಳಿ ಬಿಳಿಯಾಗಿಯೇ ಉಳಿಯುವವರೆಗೆ ತೊಳೆಯಬೇಕು. ಉಳಿಯದಿದ್ದರೆ ಆ ಬಟ್ಟೆ ಬೇಡ. ನೀರು ತಿಳಿಯಾಗುವುದನ್ನು ಕಾಯುವಾಗ ಕೇಳಿ: ಬಾಟಿಕ್‌ಗೆ ಕುದಿಯುವ ಬಣ್ಣವನ್ನೇಕೆ ಬಳಸುವುದಿಲ್ಲ? ಮೇಣ ಕರಗುತ್ತದೆ ಎಂಬ ಉತ್ತರ ಮಕ್ಕಳಿಂದಲೇ ಬರುತ್ತದೆ. ಮೇಣ ನೂಲಿನೊಳಗೆ ಇಳಿದಿರುವುದರಿಂದ ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ತಾರ ಹೆಚ್ಚುಕಡಿಮೆ ಒಂದೇ. ಹಿಂಬದಿ ತೀರ ಮಂಕಾಗಿದ್ದರೆ ಅದು ಬಾಟಿಕ್‌ನಂತೆ ಅಚ್ಚು ಹಾಕಿದ ಬಟ್ಟೆ ಇರಬಹುದು.

ಇನ್ನು ಲೆಕ್ಕ. ಕೂಸಿನ ಕೌದಿ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ, ಸುತ್ತಳತೆ 420. ಮೂಲೆಗೂ ಕೊನೆಯ ಜೋಡಣೆಗೂ 30 ಸೇರಿಸಿದರೆ 450. ಬಟ್ಟೆಯ ಅಗಲದಲ್ಲಿ ಅಂಚು ಬಿಟ್ಟು 105 ಸೆಂ.ಮೀ. ಸಿಗುತ್ತದೆ ಎನ್ನಿ. ಭಾಗಿಸಿದರೆ 4.29. ಗಣಿತದ ಪಾಠದಲ್ಲಿ ಕಲಿತಂತೆ ಇದನ್ನು 4 ಎಂದು ಅಂದಾಜಿಸುವ ಮಕ್ಕಳಿದ್ದಾರೆ. ತಪ್ಪೆಂದು ಅಲ್ಲೇ ಹೇಳಬೇಡಿ. ಕಾಗದದ ನಾಲ್ಕು ಪಟ್ಟಿ ಅಂಟಿಸಿ ಸುತ್ತ ಇಡಿಸಿ. ಓರೆ ಜೋಡಣೆ ಒಂದಕ್ಕೆ 8 ಸೆಂ.ಮೀ. ಹೋದರೆ ಉಳಿಯುವುದು 396, ಸುತ್ತಳತೆಗೂ ಸಾಲದು. ಐದು ಪಟ್ಟಿ ಬೇಕು. ತಲಾ 8 ಸೆಂ.ಮೀ. ಅಗಲವಾದರೆ 40 ಸೆಂ.ಮೀ. ಬಟ್ಟೆ ಕೊಂಡರಾಯಿತು.

ಎರಡನೆಯ ಅವಧಿ ಹೊಲಿಗೆಯದು. ಪಟ್ಟಿಯನ್ನು ಉದ್ದಕ್ಕೆ ಇಮ್ಮಡಿ ಮಡಿಸಿ, ಬಿಡಿ ಅಂಚುಗಳನ್ನು ಕೌದಿಯ ಮುಂಬದಿಯ ಅಂಚಿಗೆ ಸಮನಾಗಿಟ್ಟು, 1 ಸೆಂ.ಮೀ. ಒಳಗೆ ಹೊಲಿಯಬೇಕು. ಮಕ್ಕಳು ಎಡವುವುದು ಮೂಲೆಯಲ್ಲಿ. ಮೂಲೆಗೆ 1 ಸೆಂ.ಮೀ. ಇರುವಾಗಲೇ ಹೊಲಿಗೆ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ಮಡಿಸಿ, ಮತ್ತೆ ಕೆಳಕ್ಕೆ ತಂದು ಮುಂದಿನ ಬದಿ ಆರಂಭಿಸಬೇಕು. ಇದನ್ನು ಕಪ್ಪುಹಲಗೆಯಲ್ಲಿ ಬರೆದು ತೋರಿಸಿದರೆ ಹತ್ತುವುದಿಲ್ಲ. ಪ್ರತಿ ಗುಂಪಿಗೂ ಒಂದು ರಟ್ಟಿನ ಮೂಲೆ, ಒಂದು ಕಾಗದದ ಪಟ್ಟಿ ಕೊಟ್ಟು ಮೂರು ಸಲ ಮಡಿಸಲು ಬಿಡಿ. ಬಳಿಕ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ, ಮೊದಲ ಹೊಲಿಗೆ ಮುಚ್ಚುವಂತೆ ಕೈಯಿಂದ ಹೆಮ್ಮಿಂಗ್ ಮಾಡಿಸುವುದು. ಬಾಟಿಕ್ ಬಟ್ಟೆಯ ನೇಯ್ಗೆ ಒತ್ತಾಗಿರುವುದುಂಟು, ಸಣ್ಣ ಚೂಪು ಸೂಜಿಯೇ ಬೇಕು.

ಅಂಚು ಪೂರ್ತಿ ಅವಧಿಯಲ್ಲಿ ಮುಗಿಯದು. ಒಂದು ಮೂಲೆ, ಒಂದು ಗೇಣು ಹೆಮ್ಮಿಂಗ್ ಸರಿಯಾಗಿದ್ದರೆ ಮೌಲ್ಯಮಾಪನಕ್ಕೆ ಸಾಕು. ಉಳಿದದ್ದು ಮನೆಯಲ್ಲಿ, ಅಜ್ಜಿಯ ಪಕ್ಕದಲ್ಲಿ.